ಕಾಲು ಮಡಚಿ ಕೂತವರ ಪುಟ ಮಗುಚುವವರು ಯಾರು?

ಹಾರ್ಮೋನಿಯಂ ನುಡಿಸುತ್ತ ಹಾಡುವವರಿಗೆ ಮೂರನೆಯ ಕೈ ಬೇಕೆನಿಸುವುದು ಹಾಡು ಪುಟದ ಕೊನೆಯ ಸಾಲಿಗೆ ಬಂದಾಗ. ಬಲಗೈ ಮನೆಗಳ ಮೇಲೆ ಓಡಾಡುತ್ತಿದೆ, ಎಡಗೈ ತಿದಿ ಒತ್ತುತ್ತಿದೆ, ಬಾಯಲ್ಲಿ ಹಾಡು, ಕಿವಿ ತಬಲಾದ ಕಡೆ. ಮುಂದಿನ ಚರಣ ಇರುವುದು ಹಾಳೆಯ ಆಚೆ ಬದಿಗೆ. ಪುಸ್ತಕ ಹೋಗಿ ಟ್ಯಾಬ್ ಬಂದರೂ ಈ ಪೇಚು ತೀರಿಲ್ಲ. ಹಾಳೆಯ ಜಾಗಕ್ಕೆ ಗಾಜು ಬಂದಿದೆ, ಅಷ್ಟೇ.

ಮಾರುಕಟ್ಟೆಯಲ್ಲಿ ಇದಕ್ಕೆ ಉತ್ತರಗಳೇನೋ ಬೇಕಾದಷ್ಟಿವೆ. ಕಾಲಿನಿಂದ ಒತ್ತುವ ಪೆಡಲ್ ಇದೆ, ಕಣ್ಣು ಮಿಟುಕಿಸಿದರೆ ಪುಟ ಮಗುಚುವ ಆ್ಯಪ್ ಇದೆ, ಸಂಗೀತವನ್ನು ಕೇಳಿಸಿಕೊಂಡು ತಾನಾಗಿಯೇ ಮುಂದಕ್ಕೆ ಹೋಗುವ ತಂತ್ರಾಂಶವೂ ಇದೆ. ಇವೆಲ್ಲವನ್ನೂ ಮಾಡಿದವರ ಕಣ್ಣೆದುರು ಇದ್ದದ್ದು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಪಿಯಾನೋ ವಾದಕ ಅಥವಾ ಕುರ್ಚಿಯ ತುದಿಯಲ್ಲಿ ಕೂತ ಪಿಟೀಲು ವಾದಕ. ಮುಂಬಯಿಯ ವಡಾಲದಲ್ಲಿ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಭಜನಾ ಮಂಡಳಿಯವರು ಅವರ ಲೆಕ್ಕಕ್ಕೆ ಬಂದವರೇ ಅಲ್ಲ. ಹಾಗಾಗಿ ಯಾವ ಯಂತ್ರ ಕೊಳ್ಳಬೇಕು ಎಂದು ಕೇಳುವ ಮೊದಲು ನಮ್ಮವರ ಕೈಕಾಲಿನ ಲೆಕ್ಕ ಹಾಕುವುದು ಒಳ್ಳೆಯದು.

ವಡಾಲದ ಕಾತ್ರಕ್ ರಸ್ತೆಯಲ್ಲಿ ದ್ವಾರಕಾನಾಥ ಭವನದ ರಾಮಮಂದಿರವಿದೆ. ಗೌಡ ಸಾರಸ್ವತ ಸಮಾಜದ ಗಣೇಶೋತ್ಸವದಿಂದಾಗಿ ಮುಂಬಯಿಗೆಲ್ಲ ಅದು ಪರಿಚಿತ. ಬರುವವರಲ್ಲಿ ಮಂಗಳೂರು, ಉಡುಪಿ, ಕುಮಟಾ, ಕಾರವಾರ ಮೂಲದ ಮನೆತನಗಳು ಬಹಳ. ಮನೆಮಾತು ಕೊಂಕಣಿಯಾದರೂ ಈ ಸಮಾಜದವರು ಭಜನೆಗೆ ಕೂತರೆಂದರೆ ಪುರಂದರದಾಸರ ಪದದ ಬೆನ್ನಿಗೆ ತುಕಾರಾಮರ ಅಭಂಗ, ಅದರ ಬೆನ್ನಿಗೆ ಕೊಂಕಣಿ ಹಾಡು. ತುಳು ಕನ್ನಡಿಗರ ಶನೀಶ್ವರ ಮಂದಿರ, ಅಯ್ಯಪ್ಪ ಮಂದಿರಗಳ ಭಜನಾ ಮಂಡಳಿಗಳೂ ಹೀಗೆಯೇ ಉಪನಗರಗಳ ತುಂಬ ಹರಡಿಕೊಂಡಿವೆ. ಶನಿವಾರ ಸಂಜೆ ಲೋಕಲ್ ಇಳಿದು ನೇರ ಭಜನೆಗೆ ಬರುವವರಿಗೆ ಮೂರು ಭಾಷೆಯ ನೂರಾರು ಹಾಡು ಬಾಯಿಪಾಠ ಇರಬೇಕೆಂದು ಹೇಳುವುದು ಸುಲಭ, ಇಟ್ಟುಕೊಳ್ಳುವುದು ಕಷ್ಟ. ಆದ್ದರಿಂದ ಪುಸ್ತಕ; ಈಗ ಫೋನು, ಟ್ಯಾಬು.

ಅದೇ ವಡಾಲದಲ್ಲಿ ಹಳೆಯ ವಿಠ್ಠಲ ಮಂದಿರವೂ ಇದೆ. ಪ್ರತಿ ಪಂಢರಪುರವೆಂದು ಹೆಸರಾದ ಅಲ್ಲಿಗೆ ಆಷಾಢ ಏಕಾದಶಿಯಂದು ದಿಂಡಿಗಳು, ಅಂದರೆ ಹಾಡುತ್ತ ನಡೆದು ಬರುವ ವಿಠ್ಠಲಭಕ್ತರ ತಂಡಗಳು, ಬರುತ್ತವೆ. ವಾರಕರಿಗಳೆನಿಸಿದ ಈ ಭಕ್ತರ ಎರಡೂ ಕೈಯಲ್ಲಿ ತಾಳ, ಕಾಲಿಗೆ ಹೆಜ್ಜೆಯ ಕೆಲಸ. ಅವರ ಮುಂದೆ ಪುಸ್ತಕವೂ ಇಲ್ಲ, ಸ್ಟ್ಯಾಂಡೂ ಇಲ್ಲ. ಹೀಗೆ ಕೈಕಾಲು ಎರಡಕ್ಕೂ ಬಿಡುವಿಲ್ಲದ ಕಡೆ ಹಾಡು ಕಂಠಸ್ಥವಾಗಿಯೇ ಉಳಿದಿದೆ. ಪುಟ ಮಗುಚುವ ತಾಪತ್ರಯಕ್ಕೆ ಎಲ್ಲಕ್ಕಿಂತ ಹಳೆಯ ಪರಿಹಾರ ಅದೇ.

ಯುರೋಪಿನಲ್ಲಿ ಕಥೆ ತಿರುವುಮುರುವು. 1830ರ ದಶಕದಲ್ಲಿ ಕ್ಲಾರಾ ವೀಕ್ ಎಂಬ ಹುಡುಗಿ (ಮುಂದೆ ಕ್ಲಾರಾ ಶೂಮನ್) ಪುಸ್ತಕವಿಲ್ಲದೆ ಪಿಯಾನೋ ನುಡಿಸಿದಾಗ ಅದನ್ನು ಅಹಂಕಾರವೆಂದು ಆಡಿಕೊಂಡವರಿದ್ದರು. ಬರೆದದ್ದನ್ನು ಎದುರಿಗಿಟ್ಟು ನುಡಿಸುವುದೇ ಆಗ ಅಲ್ಲಿ ವಿನಯವೆನಿಸಿತ್ತು. ಅದಕ್ಕಾಗಿ ಪುಟ ಮಗುಚುವುದೂ ಒಂದು ಕೆಲಸವಾಗಿ ಬೆಳೆಯಿತು. ವಾದಕನ ಎಡಬದಿಗೆ ಒಬ್ಬರು ಕೂರುತ್ತಾರೆ. ಹೊತ್ತು ಬಂದಾಗ ಎದ್ದು, ಹಾಳೆಯ ಮೇಲಿನ ಮೂಲೆ ಹಿಡಿದು, ವಾದಕನ ಕಣ್ಣಿಗೆ ತೋಳು ಅಡ್ಡ ಬಾರದಂತೆ ಮಗುಚಿ ಕೂರುತ್ತಾರೆ. ವಾದ್ಯವೃಂದದಲ್ಲಿ ಒಂದು ಸ್ಟ್ಯಾಂಡಿಗೆ ಇಬ್ಬರು ಪಿಟೀಲಿನವರು. ಒಳಬದಿಯಲ್ಲಿ ಕೂತವರು ನುಡಿಸುವುದನ್ನು ಬಿಟ್ಟು ಮಗುಚುತ್ತಾರೆ, ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ. ಮುಂಬಯಿಯ ನರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಗೆ ಹೋದವರು ಮುಂದಿನ ಸಲ ಈ ಒಳಬದಿಯವರನ್ನು ಗಮನಿಸಿ ನೋಡಿ. ಅಚ್ಚು ಹಾಕುವವರೂ ಸಹಾಯ ಮಾಡುತ್ತಾರೆ. ಆ ವಾದ್ಯಕ್ಕೆ ವಿರಾಮ ಇರುವಲ್ಲಿಗೆ ಬಲಪುಟ ಮುಗಿಯುವಂತೆ ಸ್ವರಗಳನ್ನು ಜೋಡಿಸುವುದು ಒಳ್ಳೆಯ ಮುದ್ರಕರ ಲಕ್ಷಣ. ಈ ಮಾತನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

2010ರ ಏಪ್ರಿಲಿನಲ್ಲಿ ಐಪ್ಯಾಡ್ ಅಂಗಡಿಗೆ ಬಂತು. ಅದೇ ವರ್ಷ ಹ್ಯೂ ಸುಂಗ್ ಎಂಬ ಪಿಯಾನೋ ವಾದಕ ಕಟ್ಟಿದ ಏರ್‌ಟರ್ನ್ ಕಂಪನಿ ನಿಸ್ತಂತು ಪೆಡಲನ್ನು ಹೊರತಂದಿತು. ಅದಕ್ಕೂ ಮುಂಚೆಯೇ ಅಮೆರಿಕದ ಬೊರೊಮಿಯೊ ಸ್ಟ್ರಿಂಗ್ ಕ್ವಾರ್ಟೆಟ್‌ನವರು ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಾಲಿನಲ್ಲಿ ಪುಟ ಸರಿಸುತ್ತ ನುಡಿಸತೊಡಗಿದ್ದರು. 2012ರಲ್ಲಿ ಬ್ರಸೆಲ್ಸ್ ಫಿಲ್‌ಹಾರ್ಮಾನಿಕ್ ಕಾಗದ ಬಿಟ್ಟು ಟ್ಯಾಬ್ ನೋಡಿ ನುಡಿಸಿ ಸುದ್ದಿಯಾಯಿತು. ಈಗ ಇದು ಯಾರಿಗೂ ಸುದ್ದಿಯಲ್ಲ.

ಪೆಡಲ್ ಒಳಗೆ ನಡೆಯುವುದು ತೀರ ಸರಳ. ಅದು ಬ್ಲೂಟೂತ್ ಮೂಲಕ ಟ್ಯಾಬಿಗೆ ‘ನಾನೊಂದು ಕೀಬೋರ್ಡ್’ ಎಂದು ಹೇಳಿಕೊಳ್ಳುತ್ತದೆ. ನಿಜಕ್ಕೂ ಅದು ಎರಡೇ ಗುಂಡಿಗಳ ಕೀಬೋರ್ಡು. ಬಲಗಡೆ ಒತ್ತಿದರೆ ಕಂಪ್ಯೂಟರಿನ ಪೇಜ್ ಡೌನ್ ಅಥವಾ ಬಾಣದ ಗುರುತಿನ ಕೀಲಿ ಒತ್ತಿದ ಸಂಕೇತ ಹೋಗುತ್ತದೆ, ಎಡಗಡೆ ಒತ್ತಿದರೆ ಪೇಜ್ ಅಪ್. ಮಿಕ್ಕ ಕೆಲಸವೆಲ್ಲ ಆ್ಯಪಿನದು. ಪೆಡಲ್ ಜೋಡಿಸಿದ ಕೂಡಲೇ ಐಪ್ಯಾಡಿನಲ್ಲಿ ಅಕ್ಷರ ಒತ್ತುವ ಕೀಲಿಮಣೆ ಮಾಯವಾಗುತ್ತದೆಂದು ಗಾಬರಿ ಬೀಳುವವರಿದ್ದಾರೆ. ನಿಜವಾದ ಕೀಬೋರ್ಡ್ ಬಂದಿದೆಯೆಂದು ಅದು ನಂಬಿರುತ್ತದೆ, ಕೆಟ್ಟಿರುವುದಿಲ್ಲ. ಬೆಲೆ ಮಾತ್ರ ಸರಳವಲ್ಲ. ಹೊರದೇಶದ ಒಳ್ಳೆಯ ಪೆಡಲಿಗೆ ತೆರುವ ಹಣದಲ್ಲಿ ಹೆಚ್ಚುಕಡಿಮೆ ಇನ್ನೊಂದು ಸಾಧಾರಣ ಟ್ಯಾಬೇ ಬರುತ್ತದೆ.

ಇನ್ನು ಕಾಲಿನ ವಿಷಯ. ಇದಕ್ಕೆ ಹಾರ್ಮೋನಿಯಂನ ಜಾತಕ ಸ್ವಲ್ಪ ಬಿಚ್ಚಬೇಕು. ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಂ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂಗೆ ತಿದಿ ಇದ್ದದ್ದು ಕೆಳಗೆ, ಕಾಲಿನ ಹತ್ತಿರ. ಕುರ್ಚಿಯಲ್ಲಿ ಕೂತು ಎರಡೂ ಕಾಲಿನಿಂದ ತುಳಿಯಬೇಕು, ಎರಡೂ ಕೈಯಿಂದ ನುಡಿಸಬೇಕು. ಅದು ಕಲ್ಕತ್ತೆಗೆ ಬಂದಾಗ ಇಲ್ಲಿನ ಸಂಗೀತಗಾರರು ಕೂರುತ್ತಿದ್ದದ್ದು ನೆಲದ ಮೇಲೆ. ದ್ವಾರಕಾನಾಥ ಘೋಷ್ ಅವರ ದ್ವಾರ್ಕಿನ್ ಅಂಗಡಿ 1875ರ ಹೊತ್ತಿಗೆ ಕಾಲುಗಳನ್ನು ಕತ್ತರಿಸಿ, ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ಎಡಗೈಗೆ ಒಪ್ಪಿಸಿತು. ನಮ್ಮ ಸಂಗೀತದಲ್ಲಿ ಪಾಶ್ಚಾತ್ಯರ ಹಾಗೆ ಹಲವು ಸ್ವರ ಒಟ್ಟಿಗೆ ಒತ್ತುವ ಅಗತ್ಯವಿಲ್ಲದ್ದರಿಂದ ಒಂದು ಕೈ ಕಳೆದುಕೊಂಡದ್ದು ನಷ್ಟವೆನಿಸಲಿಲ್ಲ. ಆದರೆ ಅಂದಿನಿಂದ ಎರಡೂ ಕೈ ಪೆಟ್ಟಿಗೆಗೆ ಸೇರಿದವು. ಎರಡೂ ಕಾಲು ತೊಡೆಯಡಿ ಸೇರಿ ಕೆಲಸ ಕಳೆದುಕೊಂಡವು.

ರಂಗಭೂಮಿಯಲ್ಲಿ ಮಾತ್ರ ಹಳೆಯ ಏರ್ಪಾಟು ಮುಂದುವರಿಯಿತು. ಮರಾಠಿ ಸಂಗೀತ ನಾಟಕದ ಪಾಯಪೇಟಿ, ಕನ್ನಡ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಎರಡೂ ಒಂದೇ ವಂಶ. ನಮ್ಮ ವೃತ್ತಿರಂಗಭೂಮಿಯ ಆರ್. ಪರಮಶಿವನ್ ಅವರು ಲೆಗ್ ಹಾರ್ಮೋನಿಯಂ ಮುಂದೆ ಕೂತು ನುಡಿಸಿದ್ದನ್ನು ನೋಡಿದವರಿಗೆ ಗೊತ್ತು, ಕಾಲು ಉಸಿರು ಕೊಡುತ್ತಿದ್ದರೆ ಎರಡು ಕೈಗಳಿಗೆ ಎಷ್ಟು ಸ್ವಾತಂತ್ರ್ಯ ಎಂದು. ಅಂಥ ಮೇಷ್ಟ್ರಿಗೆ ಪುಟ ಮಗುಚುವುದು ತೊಂದರೆಯೇ ಅಲ್ಲ, ಯಾವ ಕೈಯನ್ನಾದರೂ ಎತ್ತಬಹುದು. ತೊಂದರೆ ಇರುವುದು ಕೈಪೆಟ್ಟಿಗೆಯವರಿಗೆ. ಅವರಿಗೆಂದು ಸಿಗುವ ಯಂತ್ರವೋ ಅವರು ಮಡಚಿಟ್ಟ ಕಾಲನ್ನೇ ಕೇಳುತ್ತದೆ.

ಮಡಚಿದ ಕಾಲಿನಿಂದ ಪೆಡಲ್ ಒತ್ತಲು ಆಗುವುದೇ ಇಲ್ಲವೆಂದಲ್ಲ. ಮಂಡಿಯ ಕೆಳಗಿಟ್ಟರೆ ಮಂಡಿಯ ಭಾರಕ್ಕೇ ಅದು ಒತ್ತಿಕೊಂಡು ಪುಟಗಳು ಓಡತೊಡಗುತ್ತವೆ. ಬಲಗಾಲಿನ ಹೆಬ್ಬೆರಳಿನ ಮುಂದಿಟ್ಟರೆ ಬೆರಳು ಅಲ್ಲಿಗೆ ತಲುಪಲು ಸೊಂಟ ತಿರುಚಬೇಕು, ಸೀರೆ ಪಂಚೆಯ ಮಡಿಕೆಯಲ್ಲಿ ಪೆಡಲ್ ಎಲ್ಲಿದೆಯೆಂದು ತಡಕಬೇಕು. ಸ್ವಲ್ಪ ಅನುಕೂಲವಾದದ್ದು ಮಂಡಿಯ ಹೊರಬದಿಗೆ ಒಂದು ಚಪ್ಪಟೆ ಗುಂಡಿ ನಿಲ್ಲಿಸಿ, ಮಂಡಿಯಿಂದ ಪಕ್ಕಕ್ಕೆ ತಟ್ಟುವುದು. ಕೈಕಾಲಿನ ಚಲನೆ ಕಡಿಮೆಯಿರುವ ಅಂಗವಿಕಲರಿಗಾಗಿ ಇಂಥ ಗುಂಡಿಗಳನ್ನು ಬಹಳ ಹಿಂದಿನಿಂದ ಮಾಡುತ್ತಿದ್ದಾರೆ. ಹಳೆಯ ಇಯರ್‌ಫೋನಿನ ಪಿನ್ನಿನಂಥದ್ದೇ 3.5 ಮಿಲಿಮೀಟರ್ ಪಿನ್ನು ಅವಕ್ಕೆ ಇರುತ್ತದೆ, ಕೆಲವು ಪೆಡಲ್‌ಗಳಲ್ಲಿ ಆ ಪಿನ್ನು ಸಿಕ್ಕಿಸುವ ತೂತೂ ಇರುತ್ತದೆ. ಪಾಶ್ಚಾತ್ಯ ವಾದಕರಿಗಾಗಿ ಮಾಡಿದ ಯಂತ್ರಕ್ಕಿಂತ ಅಂಗವಿಕಲರಿಗಾಗಿ ಮಾಡಿದ ಗುಂಡಿ ನೆಲದಲ್ಲಿ ಕೂತವರಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ.

ಪೆಡಲ್ ಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಬ್ಯಾಟರಿ ಉಳಿಸಲೆಂದು ಬಹಳಷ್ಟು ಪೆಡಲ್‌ಗಳು ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆ ಹೋಗುತ್ತವೆ. ಆಮೇಲೆ ಒತ್ತಿದ ಮೊದಲ ಒತ್ತು ಎಚ್ಚರಿಸುವುದಕ್ಕೇ ಖರ್ಚಾಗುತ್ತದೆ, ಪುಟ ಮಗುಚುವುದಿಲ್ಲ. ಸುಪ್ರಭಾತದಿಂದ ಮಂಗಳದವರೆಗೆ ಗಂಟೆಗಟ್ಟಲೆ ನಡೆಯುವ ಭಜನೆಯಲ್ಲಿ, ನಡುವೆ ಆರತಿ, ಪ್ರಸಾದ, ಯಾರದೋ ಭಾಷಣ ಎಲ್ಲ ಇರುವಲ್ಲಿ ಈ ನಿದ್ದೆ ಕೈಕೊಡುವುದು ಖಂಡಿತ. ಹಾಡು ಶುರುಮಾಡುವ ಮೊದಲು ಒಮ್ಮೆ ಮುಂದೆ, ಒಮ್ಮೆ ಹಿಂದೆ ಒತ್ತಿ ಎಬ್ಬಿಸಿಕೊಳ್ಳುವುದು ರೂಢಿಯಾಗಬೇಕು.

ಕಾಲು ಬೇಡ, ಮುಖ ಸಾಕು ಎಂದದ್ದು ಫೋರ್‌ಸ್ಕೋರ್ ಎಂಬ ಆ್ಯಪ್. ಐಪ್ಯಾಡಿನಲ್ಲಿ ಸ್ವರಲಿಪಿ ಓದುವವರಲ್ಲಿ ಬಹಳ ಬಳಕೆಯಲ್ಲಿರುವ ಅದು 2020ರಲ್ಲಿ, ಮುಖ ಗುರುತಿಸುವ ಕ್ಯಾಮರಾ ಇರುವ ಉಪಕರಣಗಳಲ್ಲಿ, ತುಟಿಯನ್ನು ಒಂದು ಬದಿಗೆ ಎಳೆದರೆ ಇಲ್ಲವೇ ಒಂದು ಕಣ್ಣು ಮುಚ್ಚಿದರೆ ಪುಟ ಸರಿಯುವ ಸೌಲಭ್ಯವನ್ನು ಹಣ ಕೊಟ್ಟವರಿಗೆ ಒದಗಿಸಿತು. ಪಿಟೀಲಿನವರಿಗೆ, ಗಿಟಾರಿನವರಿಗೆ ಇದು ನಿಜಕ್ಕೂ ವರ. ಹಾಡುವವರಿಗೆ ತುಟಿ ಬಿಡುವಿಲ್ಲ. ‘ಆ’ಕಾರದ ತಾನವೊಂದು ಬಂದರೆ ಯಾವ ಪುಟ ಎಲ್ಲಿ ಹೋಗಿ ನಿಲ್ಲುತ್ತದೋ ಹೇಳಲಾಗದು. ಹಾಗಾದರೆ ಕಣ್ಣು ಎನ್ನಿ. ಎದುರು ಸಾಲಿನಲ್ಲಿ ಕೂತ ಮಾಮಿಯರ ಕಡೆಗೆ ಪ್ರತಿ ಚರಣದ ಕೊನೆಗೂ ಕಣ್ಣು ಹೊಡೆಯುವ ಹಾರ್ಮೋನಿಯಂ ಮಾಸ್ತರರನ್ನು ಯಾವ ಮಂಡಳಿಯೂ ಎರಡನೆಯ ವಾರ ಕರೆಯಲಿಕ್ಕಿಲ್ಲ.

ಕೇಳಿಸಿಕೊಂಡು ಮಗುಚುವ ಯಂತ್ರದ ಕನಸು ಐಪ್ಯಾಡಿಗಿಂತ ಬಹಳ ಹಳೆಯದು. 1984ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಕಂಪ್ಯೂಟರ್ ಸಂಗೀತ ಸಮ್ಮೇಳನದಲ್ಲಿ ರೋಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೊ ಬೇರೆಬೇರೆಯಾಗಿ ಒಂದೇ ಮಾತನ್ನು ಮಂಡಿಸಿದರು: ವಾದಕ ಬರೆದ ಸಂಗೀತದಲ್ಲಿ ಎಲ್ಲಿದ್ದಾನೆಂದು ಕಂಪ್ಯೂಟರ್ ಕೇಳಿಯೇ ಕಂಡುಹಿಡಿಯಬಲ್ಲದು. ಬರೆದದ್ದನ್ನು ಬರೆದ ಹಾಗೆ, ಮೊದಲಿನಿಂದ ಕೊನೆಯವರೆಗೆ ಒಂದೇ ದಾರಿಯಲ್ಲಿ ನುಡಿಸುವ ಸಂಗೀತಕ್ಕೆ ಅದು ಸರಿ. ನಮ್ಮಲ್ಲಿ ಪಲ್ಲವಿಯನ್ನು ಎರಡು ಸಲ ಹೇಳಬಹುದು, ಆರು ಸಲವೂ ಹೇಳಬಹುದು. ಚರಣದ ಒಂದೇ ಸಾಲನ್ನು ಹಿಡಿದು ನಾಲ್ಕು ಬಗೆಯಲ್ಲಿ ಹಾಡಿ, ಮನಸ್ಸು ಬಂದರೆ ಇನ್ನೊಂದು ಚರಣವನ್ನೇ ಬಿಟ್ಟುಬಿಡಬಹುದು. ಜೊತೆಗೆ ಇಪ್ಪತ್ತು ಕಂಠ, ಹತ್ತು ಜೊತೆ ತಾಳ, ಗಂಟೆ, ಜಾಗಟೆ. ಸದ್ಯಕ್ಕೆ ಈ ಯಂತ್ರವನ್ನು ಭಜನೆಗೆ ಕರೆಯುವುದು ಬೇಡ.

ಟಿವಿ ವಾರ್ತೆಯವರ ಹಾಗೆ ಸಾಲುಗಳು ತಾವಾಗಿ ಮೇಲಕ್ಕೆ ಸರಿಯುವಂತೆ ಮಾಡಿಕೊಳ್ಳುವವರೂ ಇದ್ದಾರೆ. ಸುಗಮ ಸಂಗೀತದ ರೆಕಾರ್ಡಿಂಗಿಗೆ ಅದು ನಡೆಯುತ್ತದೆ, ಅಲ್ಲಿ ವೇಗ ಮೊದಲೇ ಗೊತ್ತು. ಭಜನೆ ನಿಧಾನಕ್ಕೆ ಹೊರಟು ಕೊನೆಯಲ್ಲಿ ದ್ರುತಕ್ಕೇರುವ ವಸ್ತು. ಒಂದೇ ವೇಗದ ತೆರೆ ಮೊದಲು ಮುಂದೋಡುತ್ತದೆ, ಆಮೇಲೆ ಹಿಂದುಳಿಯುತ್ತದೆ.

ಇಷ್ಟೆಲ್ಲ ಬೇಡವೆಂದ ಮೇಲೆ ಬೇಕಾದದ್ದೇನು? ಉತ್ತರ ಬಹುಪಾಲು ಪೆಟ್ಟಿಗೆಯ ಒಳಗೇ ಇದೆ. ಕೈ ಹಾರ್ಮೋನಿಯಂನಲ್ಲಿ ತಿದಿ ಒಂದಲ್ಲ, ಎರಡು. ನಾವು ಒತ್ತುವುದು ಹೊರಗಿನದನ್ನು. ಅದು ತಳ್ಳಿದ ಗಾಳಿ ಪೆಟ್ಟಿಗೆಯ ತಳದಲ್ಲಿರುವ ಇನ್ನೊಂದು ತಿದಿಯಲ್ಲಿ ತುಂಬಿಕೊಳ್ಳುತ್ತದೆ. ಅದರ ಸ್ಪ್ರಿಂಗುಗಳು ಆ ಗಾಳಿಯನ್ನು ಸಮನಾಗಿ ರೀಡುಗಳ ಕಡೆಗೆ ಒತ್ತುತ್ತವೆ. ಆದ್ದರಿಂದಲೇ ಎಡಗೈ ನಿಂತ ಕ್ಷಣಕ್ಕೆ ಸ್ವರ ನಿಲ್ಲುವುದಿಲ್ಲ. ಗಾಳಿ ಸೋರದ ಒಳ್ಳೆಯ ಪೆಟ್ಟಿಗೆಯಲ್ಲಿ, ತುಂಬ ಒತ್ತಿ ಕೈ ಬಿಟ್ಟರೆ ಕೆಲವು ಸೆಕೆಂಡು ನಾದ ಹಾಗೆಯೇ ಹರಿಯುತ್ತದೆ. ಟ್ಯಾಬಿನ ಮೇಲೆ ಒಂದು ಬೆರಳು ತಾಗಿಸಲು ಅರ್ಧ ಸೆಕೆಂಡು ಸಾಕು.

ಅಡಚಣೆ ಬರುವುದು ಇನ್ನೊಂದು ಕಡೆಯಿಂದ. ಓದುವ ಆ್ಯಪ್‌ಗಳು ಪರದೆಯ ಬಲ ಅಂಚನ್ನು ಮುಟ್ಟಿದರೆ ಮುಂದಕ್ಕೆ, ಎಡ ಅಂಚನ್ನು ಮುಟ್ಟಿದರೆ ಹಿಂದಕ್ಕೆ ಹೋಗುವಂತೆ ಇರುತ್ತವೆ. ತಿದಿಯ ಮೇಲಿನ ಎಡಗೈಯನ್ನು ಬಲ ಅಂಚಿನವರೆಗೆ ಒಯ್ದರೆ ಕಣ್ಣಿಗೆ ಅಡ್ಡ, ದಾರಿಯೂ ದೂರ. ಆಂಡ್ರಾಯ್ಡಿನ ಮೊಬೈಲ್‌ಶೀಟ್ಸ್‌ನಂಥ ಆ್ಯಪ್‌ಗಳಲ್ಲಿ ಪರದೆಯ ಯಾವ ಭಾಗ ಮುಟ್ಟಿದರೆ ಏನಾಗಬೇಕೆಂದು ನಾವೇ ನಿಶ್ಚಯಿಸಬಹುದು. ಎಡ ಅಂಚಿಗೆ ‘ಮುಂದಿನ ಪುಟ’ ಕೊಡಿ, ಸ್ಟ್ಯಾಂಡನ್ನು ತಿದಿಯ ಹತ್ತಿರಕ್ಕೆ ಎಳೆದುಕೊಳ್ಳಿ. ಬೆರಳನ್ನು ಎಳೆಯಬೇಡಿ, ತಟ್ಟಿ. ಮುಂಬಯಿಯ ಶ್ರಾವಣ ಭಾದ್ರಪದದ ಬೆವರಿನಲ್ಲಿ ಎಳೆದ ಬೆರಳು ಜಾರುವುದೂ ಉಂಟು, ಎರಡು ಪುಟ ಹಾರಿಸುವುದೂ ಉಂಟು. ತೀರ್ಥ ತೆಗೆದುಕೊಂಡ ಕೈಯನ್ನು ಒರೆಸಿಕೊಂಡೇ ಮುಟ್ಟಿ. ಬೆರಳಿನ ವಿದ್ಯುತ್ ಗುಣ ಹಿಡಿದು ಕೆಲಸ ಮಾಡುವ ಆ ಗಾಜಿಗೆ ನೀರಿನ ಹನಿಯೂ ಬೆರಳಾಗಿ ತೋರುತ್ತದೆ.

ಕೈ ಎತ್ತುವುದು ಯಾವಾಗ? ಭಜನೆಯ ಕಟ್ಟಡವೇ ಅದನ್ನು ಹೇಳಿಕೊಡುತ್ತದೆ. ಮುಂದಾಳು ಒಂದು ಸಾಲು ಹೇಳುತ್ತಾರೆ, ಮಂಡಳಿ ಅದನ್ನೇ ತಿರುಗಿ ಹೇಳುತ್ತದೆ. ಭಜನಿ ಠೇಕಾ ಎಂಬ ತಾಳದ ಆವರ್ತ ಎಂಟು ಮಾತ್ರೆಯದು. ನಿಮಿಷಕ್ಕೆ 120 ಮಾತ್ರೆಯ ನಡೆಯಲ್ಲಿ ಒಂದು ಆವರ್ತಕ್ಕೆ ನಾಲ್ಕು ಸೆಕೆಂಡು. ವೇಗ ಇಮ್ಮಡಿಯಾದರೂ ಎರಡು ಸೆಕೆಂಡು ಸಿಗುತ್ತದೆ. ಚರಣ ಮುಗಿದು ಎಲ್ಲರೂ ಪಲ್ಲವಿ ಹಿಡಿದಾಗಂತೂ ಅದರ ಎರಡು ಮೂರರಷ್ಟು. ಪಲ್ಲವಿಯನ್ನು ನೋಡಿ ಹಾಡಬೇಕಾದವರು ಯಾರೂ ಇಲ್ಲ. ಅಂದರೆ ಪುಟ ಮುಗಿಯಬೇಕಾದದ್ದು ಚರಣದ ಕೊನೆಗೆ, ಪಲ್ಲವಿಗೆ ತಿರುಗುವ ಜಾಗದಲ್ಲಿ. ಪಾಶ್ಚಾತ್ಯ ಮುದ್ರಕರು ವಿರಾಮ ಇರುವಲ್ಲಿಗೆ ಪುಟ ಮುಗಿಸುತ್ತಾರೆಂದು ಮೇಲೆ ಹೇಳಿದೆನಲ್ಲ, ಅದೇ ಲೆಕ್ಕ. ನಮ್ಮ ಭಜನಾ ಪುಸ್ತಕಗಳನ್ನು ಅಚ್ಚು ಹಾಕಿಸಿದವರಿಗೆ ಇದರ ಗೊಡವೆ ಇರಲಿಲ್ಲ. ಕಾಗದ ಉಳಿಸುವುದು ಅವರ ಚಿಂತೆಯಾಗಿತ್ತು. ಚರಣದ ಎರಡು ಸಾಲು ಈ ಪುಟದಲ್ಲಿ, ಎರಡು ಸಾಲು ಆ ಪುಟದಲ್ಲಿ. ಆ ಪುಸ್ತಕದ ಫೋಟೋ ತೆಗೆದು, ವಾಟ್ಸ್ಆ್ಯಪಿನಲ್ಲಿ ಹಂಚಿ, ಅದನ್ನೇ ಟ್ಯಾಬಿನಲ್ಲಿ ತೆರೆದು ಪುಟ ಮಗುಚಲು ಆಗುತ್ತಿಲ್ಲವೆಂದು ಪೆಡಲ್ ಹುಡುಕಹೊರಡುವುದು ನಮ್ಮ ಈಗಿನ ಸ್ಥಿತಿ.

ಹಾಡುಗಳನ್ನು ಹೊಸದಾಗಿ ಟೈಪ್ ಮಾಡಿಸಿ. ಗಾತ್ರದ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಪಾಶ್ಚಾತ್ಯ ಸ್ವರಲಿಪಿ ಎ4 ಹಾಳೆಯದು. ಅದನ್ನು ಕುಗ್ಗಿಸದೆ ತೋರಿಸಬೇಕಾದರೆ 14 ಇಂಚಿಗೂ ಮೀರಿದ ಪರದೆ ಬೇಕು. ನಮ್ಮ ಸಾಮಾನ್ಯ ಹತ್ತಿಂಚಿನ ಟ್ಯಾಬ್ ನಿಲ್ಲಿಸಿ ಹಿಡಿದರೆ ಸುಮಾರು ಎ5 ಅಳತೆ, ಹೆಚ್ಚುಕಡಿಮೆ ಹಳೆಯ ಭಜನಾ ಪುಸ್ತಕದ ಪುಟದಷ್ಟೇ. ಅಕ್ಷರ 20 ಪಾಯಿಂಟಿನದಾಗಿರಲಿ, ಮಂಡಳಿಯ ಹಿರಿಯರು ಕನ್ನಡಕ ಮೇಲೆ ಕೆಳಗೆ ಮಾಡದೆ ಓದಬಹುದು. ಪಲ್ಲವಿ, ಅನುಪಲ್ಲವಿ, ಎರಡು ಚರಣ ಒಂದು ಪುಟಕ್ಕೆ, ಮಿಕ್ಕವು ಇನ್ನೊಂದಕ್ಕೆ. ಬಹಳಷ್ಟು ಪದಗಳು ಒಂದೇ ಮಗುಚಿಗೆ ಮುಗಿಯುತ್ತವೆ. ಪುಟದಡಿಯಲ್ಲಿ ಮುಂದಿನ ಚರಣದ ಮೊದಲೆರಡು ಮಾತನ್ನು ತಿಳಿ ಬಣ್ಣದಲ್ಲಿ ಹಾಕಿದರೆ ಬೆರಳು ತಡವಾದರೂ ಬಾಯಿ ತಡವಾಗುವುದಿಲ್ಲ. ಉದ್ದದ ಹಾಡಿಗೆ ಅರ್ಧಪುಟ ಮಗುಚುವ ಏರ್ಪಾಟಿದೆ: ಒಮ್ಮೆ ತಟ್ಟಿದರೆ ಮೇಲಿನ ಅರ್ಧದಲ್ಲಿ ಮುಂದಿನ ಪುಟದ ಮೊದಲರ್ಧ ಬರುತ್ತದೆ, ಕೆಳಗಿನ ಅರ್ಧ ಹಾಗೆಯೇ ಉಳಿಯುತ್ತದೆ. ಹಾಡುತ್ತಿರುವುದು ಕಣ್ಣ ಮುಂದೆ ಇರುವಾಗಲೇ ಹಾಡಬೇಕಾದದ್ದೂ ಬಂದು ಕೂರುತ್ತದೆ. ಈ ಇಡೀ ತಂತ್ರಜ್ಞಾನದಲ್ಲಿ ನನಗೆ ಜಾಣತನದ್ದೆಂದು ಕಂಡ ಅಂಶ ಇದೊಂದೇ. ಕಾಗದದಲ್ಲಿ ಇದು ಸುಲಭವಿರಲಿಲ್ಲ.

ಟೈಪ್ ಮಾಡಿಸುವಾಗ ಯುನಿಕೋಡಿನಲ್ಲೇ ಮಾಡಿಸಿ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಮಾಡಿಟ್ಟದ್ದು ಟ್ಯಾಬಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದುಂಟು. ಯುನಿಕೋಡಾದರೆ ಹಾಡಿನ ಮೊದಲ ಮಾತು ಹೊಡೆದು ಹುಡುಕಬಹುದು, ಮುಂಬಯಿಯ ಮಟ್ಟಿಗೆ ಇನ್ನೂ ಒಂದು ಲಾಭವಿದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಕನ್ನಡ ಕೇಳಿದರೆ ತಿಳಿಯುವ, ಓದಲು ಬಾರದ ಮಕ್ಕಳೇ ಹೆಚ್ಚು. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ವಡಾಲದಲ್ಲೇ ಇದೆ, ಆದರೆ ಕನ್ನಡ ಲಿಪಿ ಕಲಿತು ಬರುವ ಮಕ್ಕಳು ಇಡೀ ಊರಿಗೆ ಎಷ್ಟು ಜನ? ಅದೇ ಪದವನ್ನು ದೇವನಾಗರಿಗೆ ತಿರುಗಿಸುವುದು ಯುನಿಕೋಡಿನಲ್ಲಿ ಕ್ಷಣದ ಕೆಲಸ. ಅಜ್ಜನ ಟ್ಯಾಬಿನಲ್ಲಿ ಕನ್ನಡ, ಮೊಮ್ಮಗಳ ಟ್ಯಾಬಿನಲ್ಲಿ ದೇವನಾಗರಿ, ಪುಟ ಮುರಿಯುವ ಜಾಗ ಮಾತ್ರ ಎರಡರಲ್ಲೂ ಒಂದೇ ಇರಲಿ.

ಯಕ್ಷಗಾನದ ಭಾಗವತರದ್ದು ಬೇರೆ ಲೆಕ್ಕ. ತೆಂಕುತಿಟ್ಟಿನವರಾದರೆ ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಕೋಲು; ಬಡಗಿನವರಾದರೆ ಎರಡೂ ಕೈಯಲ್ಲಿ ತಾಳ. ಪದ್ಯ ನಡೆಯುತ್ತಿರುವಾಗ ಕೈ ಬಿಡುವ ಮಾತೇ ಇಲ್ಲ. ಆದರೆ ಪದ್ಯ ಮುಗಿದ ಕೂಡಲೇ ವೇಷಧಾರಿ ಅರ್ಥ ಹೇಳಲು ತೊಡಗುತ್ತಾನೆ, ತಾಳಮದ್ದಳೆಯಾದರೆ ಆ ಅರ್ಥ ಅರ್ಧ ಗಂಟೆ ನಡೆದರೂ ನಡೆಯಿತು. ಅಷ್ಟರಲ್ಲಿ ಭಾಗವತರು ಪುಟ ಮಗುಚಿ, ಎಲೆ ಅಡಿಕೆ ಹಾಕಿಕೊಂಡು, ಮುಂದಿನ ಪದ್ಯದ ರಾಗ ಯೋಚಿಸಿ ಮುಗಿಸಿರುತ್ತಾರೆ. ನೂರಾರು ಪ್ರಸಂಗಗಳು ಈಗ ಯಕ್ಷವಾಹಿನಿಯಂಥ ಸಂಸ್ಥೆಗಳ ದುಡಿಮೆಯಿಂದ ಡಿಜಿಟಲ್ ಪ್ರತಿಗಳಾಗಿ ಫೋನಿಗೇ ಬಂದಿವೆ. ಇಡೀ ಪ್ರಸಂಗದಲ್ಲಿ ಇಂದು ಆಡುವ ಪದ್ಯಗಳನ್ನಷ್ಟೇ ಆರಿಸಿ ಸಾಲಾಗಿ ಇಟ್ಟುಕೊಳ್ಳುವುದು ಭಾಗವತರಿಗೆ ಪೆಡಲಿಗಿಂತ ಹೆಚ್ಚು ಉಪಕಾರಿ. ರಾತ್ರಿಯ ಆಟ ಮೂರು ಗಂಟೆಗೆ ಇಳಿದಿರುವ ಮುಂಬಯಿಯಲ್ಲಿ ಬಿಡುವ ಪದ್ಯವೇ ಜಾಸ್ತಿ, ಅವುಗಳ ನಡುವೆ ಮುಂದಿನದನ್ನು ಹುಡುಕುವುದರಲ್ಲೇ ಎಡವಟ್ಟು ಆಗುವುದು.

ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ನಮ್ಮ ಮಂಗಳೂರಿನ ಕ್ರೈಸ್ತ ಬಂಧುಗಳು ಮಾತ್ರ ಪೆಡಲನ್ನು ಕಣ್ಣು ಮುಚ್ಚಿ ಕೊಳ್ಳಬಹುದು. ಅವರು ಕೂರುವುದು ಸ್ಟೂಲಿನ ಮೇಲೆ. ನಾದ ಉಳಿಸುವ ಪೆಡಲ್ ಬಲಗಾಲಿಗೆ ಇದ್ದೇ ಇರುತ್ತದೆ, ಪುಟದ್ದನ್ನು ಎಡಗಾಲಿಗೆ ಇಟ್ಟುಕೊಂಡರಾಯಿತು.

ಇಡೀ ಮಂಡಳಿಗೆ ಒಟ್ಟಾಗಿ ಹೊಂದುವ ಇನ್ನೊಂದು ದಾರಿ ಇದೆ, ನನ್ನ ಮಟ್ಟಿಗೆ ಅದೇ ಒಳ್ಳೆಯದು. ಆಫೀಸಿನ ಮೀಟಿಂಗುಗಳಲ್ಲಿ ಸ್ಲೈಡ್ ಸರಿಸುವ ರಿಮೋಟ್ ಇರುತ್ತದಲ್ಲ, ಅದೂ ಕಳಿಸುವುದು ಪೇಜ್ ಡೌನ್ ಸಂಕೇತವನ್ನೇ. ಟ್ಯಾಬಿಗೆ ಅದರ ಚಿಕ್ಕ ರಿಸೀವರ್ ಸಿಕ್ಕಿಸಲು ಒಂದು ಒಟಿಜಿ ಕೊಂಡಿ ಬೇಕು, ಅಷ್ಟೇ. ಪೆಡಲಿನ ಬೆಲೆಯ ಸಣ್ಣ ಪಾಲಿಗೆ ಎರಡೂ ಸಿಗುತ್ತವೆ. ಅದನ್ನು ಹಿಂದಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳ ಕೈಗೆ ಕೊಡಿ. ಮೊಬೈಲ್‌ಶೀಟ್ಸ್, ಫೋರ್‌ಸ್ಕೋರ್ ಎರಡರಲ್ಲೂ ಹಲವು ಉಪಕರಣಗಳನ್ನು ಒಂದಕ್ಕೊಂದು ಜೋಡಿಸಿ, ಒಂದರಲ್ಲಿ ಪುಟ ಮಗುಚಿದರೆ ಮಿಕ್ಕವೂ ಮಗುಚುವಂತೆ ಮಾಡುವ ಅನುಕೂಲವಿದೆ. ಹಾರ್ಮೋನಿಯಂನವರು, ಮುಂದಾಳು, ತಾಳದವರು ಯಾರೂ ಬೆರಳೆತ್ತಬೇಕಿಲ್ಲ. ಪಿಯಾನೋದ ಎಡಬದಿಗೆ ಎದ್ದು ನಿಲ್ಲುತ್ತಿದ್ದ ಆ ಸಹಾಯಕರ ಕೆಲಸವನ್ನು ನಮ್ಮ ಹುಡುಗಿ ಕೂತಲ್ಲೇ ಮಾಡುತ್ತಾಳೆ. ಹಾಡಿನ ಜೊತೆ ಜೊತೆಗೆ ಓದದಿದ್ದರೆ ಸರಿಯಾದ ಹೊತ್ತಿಗೆ ಒತ್ತಲಾಗದು; ಆದ್ದರಿಂದ ಚೌತಿಯಿಂದ ಚೌತಿಗೆ ಅವಳಿಗೆ ಹಾಡೂ ಬರತೊಡಗುತ್ತದೆ.

ಕಡೆಯದಾಗಿ, ವೇದಿಕೆಯಲ್ಲಿ ನೋಡಿ ಹಾಡುವುದೇ ತಪ್ಪೆನ್ನುವವರ ಮಾತು. ಕಛೇರಿಗೆ ಟಿಕೆಟಿಟ್ಟು ಮುಂಬಯಿಯ ಷಣ್ಮುಖಾನಂದ ಸಭಾಂಗಣದಲ್ಲಿ ಹಾಡುವ ವಿದ್ವಾಂಸರು ಟ್ಯಾಬಿನತ್ತ ಬಗ್ಗಿ ಕೃತಿ ಓದಿದರೆ ನನಗೂ ಕಸಿವಿಸಿಯಾಗುತ್ತದೆ. ರಾಗದ ಮೇಲಿರಬೇಕಾದ ಗಮನ ಅಲ್ಲಿ ಅರ್ಧ ಕಣ್ಣಿಗೆ ಹೋಗಿರುತ್ತದೆ. ಭಜನೆಗೆ ಆ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಹಾಡು ನಿಲ್ಲದಿರುವುದು ಮುಖ್ಯ, ಹೊಸಬರೂ ದನಿಗೂಡಿಸುವುದು ಮುಖ್ಯ. ನೋಡಿ ಹಾಡಲಿ.

ನಿಮ್ಮ ಮಂಡಳಿಯ ಖಜಾಂಚಿಗಳು ಈ ಸಲದ ಗಣೇಶೋತ್ಸವಕ್ಕೆ ಪೆಡಲ್ ತರಿಸುವ ಯೋಚನೆಯಲ್ಲಿದ್ದರೆ ಒಂದು ಬಿನ್ನಹ. ಮೊದಲು ಆ ಹಣದಲ್ಲಿ ಪದಗಳನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಿ, ಚರಣಕ್ಕೆ ಸರಿಯಾಗಿ ಪುಟ ಮುರಿಸಿ. ತಿದ್ದುವ ಕೆಲಸವನ್ನು ಹಾಡು ಬಲ್ಲ ಹಿರಿಯರೊಬ್ಬರಿಗೆ ಒಪ್ಪಿಸಿ. ಹಾರ್ಮೋನಿಯಂನ ಗಾಳಿ ಸೋರುತ್ತಿದ್ದರೆ ರಿಪೇರಿ ಮಾಡಿಸಿ. ಹಣ ಉಳಿದರೆ ಒಂದು ರಿಮೋಟು, ಒಂದು ಪವರ್ ಬ್ಯಾಂಕು ಕೊಳ್ಳಿ. ಹಳೆಯ ಭಜನಾ ಪುಸ್ತಕದ ಎರಡು ಪ್ರತಿ ಪೆಟ್ಟಿಗೆಯ ಪಕ್ಕದಲ್ಲೇ ಇರಲಿ; ಚಾರ್ಜು ಮುಗಿದ ರಾತ್ರಿಗೆ ಬೇಕಾಗುತ್ತದೆ.